ಪುಲ್-ಅಪ್ ರೆಸಿಸ್ಟರ್‌ನ ಮೇಲ್ತುದಿ ಎಲ್ಲಿಗೆ ಸೇರಬೇಕು?

ಮಾನ್ಯ ಸಂಪಾದಕರೇ,

ಶಾಲೆ ಕಾಲೇಜುಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನದ ದಿನಗಳು ಬಂದರೆ ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲೂ ಕನ್ನಡದ ಯೂಟ್ಯೂಬ್ ಪಾಠಗಳಲ್ಲೂ ‘ನೀವೇ ಮಾಡಿ ನೋಡಿ’ ಸರ್ಕ್ಯೂಟ್‌ಗಳು ಸಾಲುಗಟ್ಟುತ್ತವೆ. ಮಣ್ಣಿನ ತೇವ ನೋಡಿ ಪಂಪ್ ಚಾಲೂ ಮಾಡುವುದು, ರೇಷ್ಮೆ ಹುಳು ಸಾಕಣೆ ಮನೆಯ ತಾಪಮಾನ ತೋರಿಸುವುದು, ಓವರ್‌ಹೆಡ್ ಟ್ಯಾಂಕ್ ತುಂಬಿದರೆ ಮೊಬೈಲ್‌ಗೆ ತಿಳಿಸುವುದು ಹೀಗೆ. ಮಕ್ಕಳು ಇಂಥವನ್ನು ಮಾಡಬೇಕು, ಇನ್ನೂ ಹೆಚ್ಚು ಮಾಡಬೇಕು. ಆದರೆ ಈ ಚಿತ್ರಗಳಲ್ಲಿ ಬಹಳಷ್ಟರಲ್ಲಿ ಒಂದು ವಿಷಯ ಬಿಟ್ಟುಹೋಗಿರುತ್ತದೆ. ಯಾವ ಭಾಗ 5 ವೋಲ್ಟ್‌ನದು, ಯಾವುದು 3.3 ವೋಲ್ಟ್‌ನದು, ಇವೆರಡರ ನಡುವಿನ ಸಿಗ್ನಲ್ ತಂತಿಯನ್ನು ಮೇಲಕ್ಕೆ ಎಳೆದು ಹಿಡಿಯುವ ‘ಪುಲ್-ಅಪ್’ ರೆಸಿಸ್ಟರ್ ಯಾವ ಸಪ್ಲೈಗೆ ಸೇರಿದೆ ಎಂಬುದೇ ಬರೆದಿರುವುದಿಲ್ಲ. ಪ್ರದರ್ಶನದ ದಿನ ಬೋರ್ಡ್ ಕೈಕೊಡುವುದಕ್ಕೆ ‘ಪ್ರೋಗ್ರಾಮ್ ತಪ್ಪು’ ಎಂದು ಮಕ್ಕಳು ರಾತ್ರಿಯಿಡೀ ಕೋಡ್ ತಿದ್ದುತ್ತಾರೆ. ಎಷ್ಟೋ ಸಲ ತಪ್ಪು ಇರುವುದು ಆ ಒಂದು ರೆಸಿಸ್ಟರ್‌ನಲ್ಲಿ.

ಹತ್ತು ವರ್ಷದ ಹಿಂದೆ ಈ ತೊಂದರೆ ಇಷ್ಟಿರಲಿಲ್ಲ. ಪ್ರೋಗ್ರಾಮ್ ಹಾಕಿ ಓಡಿಸುವ ಪುಟ್ಟ ಬೋರ್ಡ್ ಆದ ಆರ್ಡುಯಿನೊ ಉನೊ 5 ವೋಲ್ಟ್‌ನದು, ಅದಕ್ಕೆ ಸಿಗುತ್ತಿದ್ದ ಮಾಡ್ಯೂಲ್‌ಗಳೂ ಹೆಚ್ಚಾಗಿ 5 ವೋಲ್ಟ್‌ನವೇ. ಈಗ ವೈಫೈ ಬೇಕೆಂದು ಎಲ್ಲರೂ ಇಎಸ್‌ಪಿ32 ಬೋರ್ಡ್ ಹಿಡಿಯುತ್ತಾರೆ, ಇಲ್ಲವೇ ರಾಸ್ಪ್‌ಬೆರಿ ಪೈ ಅಥವಾ ಪಿಕೊ ಕೊಳ್ಳುತ್ತಾರೆ. ಇವೆಲ್ಲದರ ಪಿನ್‌ಗಳು 3.3 ವೋಲ್ಟ್‌ನವು. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಒಂದೇ ಪೆಟ್ಟಿಗೆಯಲ್ಲಿ ಎರಡೂ ಕಾಲದ ಸಾಮಾನು ಸೇರಿಕೊಂಡಿರುವುದು ಸಹಜ. ಇಎಸ್‌ಪಿ32ರ ಡೇಟಾಶೀಟ್ (ತಯಾರಕರ ವಿವರಪಟ್ಟಿ) ಪ್ರಕಾರ ಪಿನ್‌ಗೆ ಬರಬಹುದಾದ ಗರಿಷ್ಠ ವೋಲ್ಟೇಜ್ ಸಪ್ಲೈಗಿಂತ 0.3 ವೋಲ್ಟ್ ಮೇಲೆ, ಅಂದರೆ 3.6. ಅದರಾಚೆಗೆ ತಯಾರಕರ ಜವಾಬ್ದಾರಿ ಇಲ್ಲ.

ಪುಲ್-ಅಪ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇವೆ, ಉಳಿದದ್ದೆಲ್ಲ ಅದರಿಂದಲೇ ಬರುತ್ತದೆ. ಕೆಲವು ಚಿಪ್‌ಗಳ ಔಟ್‌ಪುಟ್‌ಗೆ ತಂತಿಯನ್ನು ಗ್ರೌಂಡ್‌ಗೆ ಎಳೆಯುವುದು ಮಾತ್ರ ಗೊತ್ತು, ಮೇಲಕ್ಕೆ ತಳ್ಳುವುದು ಗೊತ್ತಿಲ್ಲ. ಒಳಗಿನ ಟ್ರಾನ್ಸಿಸ್ಟರ್ ಆನ್ ಆದರೆ ತಂತಿ 0 ವೋಲ್ಟ್. ಆಫ್ ಆದರೆ ಚಿಪ್ ತಂತಿಯ ಕೈಬಿಡುತ್ತದೆ. ಇದನ್ನು ಓಪನ್ ಡ್ರೇನ್ ಅಥವಾ ಓಪನ್ ಕಲೆಕ್ಟರ್ ಎನ್ನುತ್ತಾರೆ. ಕೈಬಿಟ್ಟಾಗ ತಂತಿ ಎಲ್ಲೋ ತೇಲದಂತೆ ಸಪ್ಲೈನತ್ತ ಎಳೆದುಕೊಳ್ಳುವುದು ಪುಲ್-ಅಪ್ ರೆಸಿಸ್ಟರ್. ಸ್ಪ್ರಿಂಗ್ ಹಾಕಿದ ಬಾಗಿಲಿನ ಹಾಗೆ: ಯಾರು ಬೇಕಾದರೂ ತಳ್ಳಿ ಹಿಡಿಯಬಹುದು, ಎಲ್ಲರೂ ಬಿಟ್ಟರೆ ಸ್ಪ್ರಿಂಗ್ ತನ್ನ ಜಾಗಕ್ಕೆ ತರುತ್ತದೆ. ಇದರಲ್ಲಿ ಒಂದು ದೊಡ್ಡ ಅನುಕೂಲ ಅಡಗಿದೆ. ‘ಹೈ’ ಎಂದರೆ ಎಷ್ಟು ವೋಲ್ಟ್ ಎಂದು ನಿರ್ಧರಿಸುವುದು ಆ ಚಿಪ್ ಅಲ್ಲ, ರೆಸಿಸ್ಟರ್‌ನ ಮೇಲ್ತುದಿ ಸೇರಿರುವ ಸಪ್ಲೈ. ಚಿಪ್ 5 ವೋಲ್ಟ್‌ನಲ್ಲೇ ಓಡಲಿ, 12ರಲ್ಲೇ ಓಡಲಿ, ಮೇಲ್ತುದಿಯನ್ನು 3.3ಕ್ಕೆ ಕಟ್ಟಿದರೆ ತಂತಿಯ ಮೇಲೆ 3.3ಕ್ಕಿಂತ ಹೆಚ್ಚು ಬರುವ ದಾರಿಯೇ ಇಲ್ಲ. ಒಂದೆರಡು ರೂಪಾಯಿಯ ರೆಸಿಸ್ಟರ್ ಎರಡು ವೋಲ್ಟೇಜ್‌ಗಳ ನಡುವೆ ಸೇತುವೆಯಾಗುವುದು ಹೀಗೆ.

ಎ3144 ಹಾಲ್ ಸೆನ್ಸರ್ ಇದಕ್ಕೆ ಅಚ್ಚುಕಟ್ಟಾದ ಉದಾಹರಣೆ. ಅಯಸ್ಕಾಂತ ಹತ್ತಿರ ಬಂದದ್ದನ್ನು ಗುರುತಿಸುವ ಮೂರು ಕಾಲಿನ ಸಣ್ಣ ಭಾಗ. ಸೈಕಲ್ ಚಕ್ರದ ವೇಗ ಅಳೆಯುವ ಮಾದರಿಗಳಲ್ಲಿ ಇದೇ ಇರುತ್ತದೆ. ಇದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, ಆದ್ದರಿಂದ ಸಪ್ಲೈ 5 ವೋಲ್ಟ್‌ನಿಂದಲೇ ಕೊಡಬೇಕು. ಆದರೆ ಔಟ್‌ಪುಟ್ ಓಪನ್ ಕಲೆಕ್ಟರ್. ಔಟ್‌ಪುಟ್ ಕಾಲಿನಿಂದ 10 ಕಿಲೋ ಓಮ್ ರೆಸಿಸ್ಟರನ್ನು ಇಎಸ್‌ಪಿ32ರ 3.3 ವೋಲ್ಟ್ ಪಿನ್‌ಗೆ ಹಾಕಿ, ಅದೇ ಕಾಲನ್ನು ನೇರವಾಗಿ ಇನ್‌ಪುಟ್ ಪಿನ್‌ಗೆ ಕೊಟ್ಟು, ಗ್ರೌಂಡ್‌ಗಳನ್ನು ಕೂಡಿಸಿದರೆ ಕೆಲಸ ಮುಗಿಯಿತು. ಬೇರೆ ಚಿಪ್ ಬೇಡ. ಆದರೆ ಹಳೆಯ ಉನೊ ಪಾಠವನ್ನು ನೋಡಿಕೊಂಡು ಅದೇ 10 ಕಿಲೋ ಓಮ್‌ನ ಮೇಲ್ತುದಿಯನ್ನು 5 ವೋಲ್ಟ್‌ಗೆ ಹಾಕಿದರೆ ಪಿನ್ ಮೇಲೆ 5 ವೋಲ್ಟ್ ಬಂದು ಕೂರುತ್ತದೆ.

ಡಿಎಸ್18ಬಿ20 ತಾಪಮಾನ ಸೆನ್ಸರ್‌ನದೂ ಇದೇ ಕಥೆ. ಸಪ್ಲೈ 3.0ರಿಂದ 5.5 ವೋಲ್ಟ್ ಆಗಬಹುದು, ಡೇಟಾ ತಂತಿ ಓಪನ್ ಡ್ರೇನ್, 2.2 ವೋಲ್ಟ್ ದಾಟಿದರೆ ಅದು ‘ಹೈ’ ಎಂದು ಓದುತ್ತದೆ. ಹಾಗಾಗಿ ಉದ್ದ ತಂತಿಯ ಕಾರಣ ಸೆನ್ಸರ್‌ಗೆ 5 ವೋಲ್ಟ್ ಕೊಡಬೇಕಾಗಿ ಬಂದರೂ 4.7 ಕಿಲೋ ಓಮ್ ಪುಲ್-ಅಪ್ಪನ್ನು 3.3ಕ್ಕೆ ಕಟ್ಟಿದರೆ ಎರಡೂ ಕಡೆ ಸರಿಹೋಗುತ್ತದೆ. ತಂತಿ ಹತ್ತಾರು ಮೀಟರ್ ಆದರೆ 4.7ರ ಬದಲು 2.2 ಕಿಲೋ ಓಮ್ ಹಾಕಿ ನೋಡಬೇಕು. ಈ ಸೆನ್ಸರ್ 0.4 ವೋಲ್ಟ್‌ನಲ್ಲಿ 4 ಮಿಲಿಆಂಪಿಯರ್ ಎಳೆದುಕೊಳ್ಳಬಲ್ಲದು, 2.2 ಕಿಲೋ ಓಮ್‌ನಲ್ಲಿ ಹರಿಯುವುದು ಒಂದೂವರೆ ಮಿಲಿಆಂಪಿಯರ್ ಮಾತ್ರ.

ಇನ್ನು ಅತಿ ಹೆಚ್ಚು ಮಂದಿಯನ್ನು ಕಾಡುವ ಜೋಡಿಗೆ ಬರುತ್ತೇವೆ: ಇಎಸ್‌ಪಿ32 ಮತ್ತು 16 ಅಕ್ಷರ, 2 ಸಾಲಿನ ನೀಲಿ ಎಲ್‌ಸಿಡಿ. ಎಲ್‌ಸಿಡಿಯ ಬೆನ್ನಿಗೆ ಬೆಸುಗೆ ಹಾಕಿರುವ ಪುಟ್ಟ ಬೋರ್ಡ್‌ನಲ್ಲಿ ಪಿಸಿಎಫ್8574 ಎಂಬ ಚಿಪ್ ಇರುತ್ತದೆ. ಅದರಿಂದ ನಾಲ್ಕೇ ತಂತಿ: ಗ್ರೌಂಡ್, ಸಪ್ಲೈ, ಎಸ್‌ಡಿಎ, ಎಸ್‌ಸಿಎಲ್. ಕೊನೆಯ ಎರಡು, ಅಂದರೆ ಡೇಟಾ ಮತ್ತು ಕ್ಲಾಕ್ ತಂತಿ, ಸೇರಿ ಐ2ಸಿ ಬಸ್: ಹಲವು ಚಿಪ್‌ಗಳು ಹಂಚಿಕೊಂಡು ಮಾತಾಡುವ ಜೋಡಿ ತಂತಿ. ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ ಈ ಬಸ್ ಪೂರ್ತಿ ಓಪನ್ ಡ್ರೇನ್ ಪದ್ಧತಿಯದು, ಅಂದರೆ ಪುಲ್-ಅಪ್ ಇಲ್ಲದೆ ನಡೆಯುವುದೇ ಇಲ್ಲ. ಎಲ್‌ಸಿಡಿಗೆ 3.3 ವೋಲ್ಟ್ ಕೊಟ್ಟರೆ ಕಾಂಟ್ರಾಸ್ಟ್ ಸಾಲದೆ ಅಕ್ಷರಗಳು ಕಾಣುವುದಿಲ್ಲ. ಆದ್ದರಿಂದ ಎಲ್ಲರೂ 5 ವೋಲ್ಟ್ ಕೊಡುತ್ತಾರೆ. ಆಗ ಆಗುವುದೇನು? ಆ ಬೆನ್ನಿನ ಬೋರ್ಡ್ ಮೇಲೆ ‘472’ ಎಂದು ಬರೆದ ಎರಡು ಪುಟ್ಟ ರೆಸಿಸ್ಟರ್‌ಗಳಿರುತ್ತವೆ, ಅಂದರೆ 4.7 ಕಿಲೋ ಓಮ್. ಅವುಗಳ ಮೇಲ್ತುದಿ ಬೋರ್ಡ್‌ನ ಸಪ್ಲೈಗೆ, ಅಂದರೆ ಈಗ 5 ವೋಲ್ಟ್‌ಗೆ ಸೇರಿದೆ. ನಾವು ಯಾವ ರೆಸಿಸ್ಟರನ್ನೂ ಹಾಕದಿದ್ದರೂ ಇಎಸ್‌ಪಿ32ರ 21 ಮತ್ತು 22ನೇ ಪಿನ್‌ಗಳು 5 ವೋಲ್ಟ್‌ನತ್ತ ಎಳೆಯಲ್ಪಟ್ಟಿವೆ.

‘ನಮ್ಮದು ಹಾಗೇ ಓಡುತ್ತಿದೆಯಲ್ಲ’ ಎಂದು ಕೇಳುವವರಿದ್ದಾರೆ. ಓಡುತ್ತದೆ, ಅದಕ್ಕೂ ಕಾರಣವಿದೆ. ಪಿನ್‌ನಿಂದ ಸಪ್ಲೈಗೆ ಒಳಗೇ ರಕ್ಷಣಾ ಡಯೋಡ್ ಇರುವ ಚಿಪ್‌ಗಳಲ್ಲಿ ಪಿನ್ ಸುಮಾರು 3.9 ವೋಲ್ಟ್ ಮುಟ್ಟಿದಾಗ ಆ ಡಯೋಡ್ ತೆರೆದುಕೊಳ್ಳುತ್ತದೆ. ಉಳಿದ 1.1 ವೋಲ್ಟ್ 4.7 ಕಿಲೋ ಓಮ್ ಮೇಲೆ ಬೀಳುತ್ತದೆ, ಹರಿಯುವುದು 0.23 ಮಿಲಿಆಂಪಿಯರ್. ಇಷ್ಟಕ್ಕೆ ಚಿಪ್ ಅಲ್ಲೇ ಸುಡುವುದಿಲ್ಲ. ಆದರೆ ಡೇಟಾಶೀಟ್‌ನ ಮಿತಿ ಮೀರಿ ಹಗಲು ರಾತ್ರಿ ಕುಳಿತಿರುತ್ತದೆ. ಒಂದು ಮಧ್ಯಾಹ್ನದ ಪ್ರದರ್ಶನಕ್ಕೂ ತೋಟದ ಶೆಡ್‌ನಲ್ಲಿ ವರ್ಷಗಟ್ಟಲೆ ಓಡಬೇಕಾದ ಪಂಪ್ ಕಂಟ್ರೋಲರ್‌ಗೂ ಒಂದೇ ಅಳತೆಗೋಲು ಆಗದು. ಇನ್ನೊಂದು ತೊಂದರೆ ಬೇಗ ಕಣ್ಣಿಗೆ ಬೀಳುತ್ತದೆ. ಎಲ್‌ಸಿಡಿಗೆ ಬೇರೆ ಅಡಾಪ್ಟರ್‌ನಿಂದ 5 ವೋಲ್ಟ್ ಕೊಟ್ಟು ಬೋರ್ಡ್‌ನ ಸಪ್ಲೈ ಮಾತ್ರ ಆರಿಸಿದರೆ, ಆ ಪುಲ್-ಅಪ್ ಮೂಲಕ ಸತ್ತ ಬೋರ್ಡ್‌ಗೆ ಕಳ್ಳ ಕರೆಂಟ್ ನುಗ್ಗುತ್ತದೆ. ಎಲ್‌ಇಡಿ ಮಂಕಾಗಿ ಉರಿಯುವುದು, ಮತ್ತೆ ಆನ್ ಮಾಡಿದಾಗ ಬೋರ್ಡ್ ಸರಿಯಾಗಿ ರೀಸೆಟ್ ಆಗದೆ ನಿಂತುಬಿಡುವುದು ಇದರಿಂದಲೇ.

ಹಾಗಾದರೆ ಆ ಎರಡು 472 ರೆಸಿಸ್ಟರ್‌ಗಳನ್ನು ಬಿಚ್ಚಿ ತೆಗೆದು, ಬೇರೆ 4.7 ಕಿಲೋ ಓಮ್ ಎರಡನ್ನು 3.3ಕ್ಕೆ ಹಾಕಿದರೆ ಸಾಲದೇ? ಇಎಸ್‌ಪಿ32 ಸುರಕ್ಷಿತವಾಗುತ್ತದೆ, ನಿಜ. ಆದರೆ ಪಿಸಿಎಫ್8574 ತನ್ನ ಸಪ್ಲೈನ 0.7 ಪಾಲು ದಾಟಿದ್ದನ್ನು ಮಾತ್ರ ಖಾತರಿಯಾಗಿ ‘ಹೈ’ ಎನ್ನುತ್ತದೆ. 5ರ 0.7 ಪಾಲು 3.5 ವೋಲ್ಟ್. ನಾವು ಕೊಡುತ್ತಿರುವುದು 3.3. ಮೇಜಿನ ಮೇಲೆ ಬಹುತೇಕ ಓಡುತ್ತದೆ, ಏಕೆಂದರೆ ‘ಹೈ’ ಎಂದು ಓದತೊಡಗುವ ನಿಜವಾದ ಹೊಸ್ತಿಲು ಸಾಮಾನ್ಯವಾಗಿ ಸಪ್ಲೈನ ಅರ್ಧದ ಆಸುಪಾಸಿನಲ್ಲಿರುತ್ತದೆ. ಆದರೆ ಖಾತರಿ ಇಲ್ಲ. ಮೋಟಾರ್ ಪಕ್ಕದಲ್ಲಿ, ಉದ್ದ ತಂತಿಯಲ್ಲಿ ಎಲ್‌ಸಿಡಿ ವಿಚಿತ್ರ ಅಕ್ಷರ ತೋರಿಸತೊಡಗಿದರೆ ಆಶ್ಚರ್ಯಪಡಬೇಕಿಲ್ಲ. ಕಲಿಕೆಗೆ ಇದು ನಡೆಯುತ್ತದೆ. ಗೋಡೆಗೆ ಮೊಳೆ ಹೊಡೆದು ಬಿಡುವ ಸಾಧನಕ್ಕೆ ಬೇಡ ಎಂಬುದು ನಮ್ಮ ಅಭಿಪ್ರಾಯ.

ಇಲ್ಲಿ ಸರಿಯಾದ ಉತ್ತರ ಪ್ರತಿ ತಂತಿಗೆ ಒಂದು ಮಾಸ್ಫೆಟ್ (ಗೇಟ್, ಸೋರ್ಸ್, ಡ್ರೇನ್ ಎಂಬ ಮೂರು ಕಾಲಿನ ಟ್ರಾನ್ಸಿಸ್ಟರ್) ಮತ್ತು ಎರಡು ಪುಲ್-ಅಪ್. ಫಿಲಿಪ್ಸ್‌ನವರೇ ತೋರಿಸಿಕೊಟ್ಟ ಈ ಉಪಾಯದಲ್ಲಿ ತಂತಿಯನ್ನು ನಡುವೆ ಕತ್ತರಿಸಿ ಒಂದು ಎನ್-ಚಾನೆಲ್ ಮಾಸ್ಫೆಟ್ ಕೂರಿಸುತ್ತಾರೆ. ಗೇಟ್ 3.3 ವೋಲ್ಟ್‌ಗೆ, ಸೋರ್ಸ್ 3.3 ವೋಲ್ಟ್ ಕಡೆಯ ತಂತಿಗೆ, ಡ್ರೇನ್ 5 ವೋಲ್ಟ್ ಕಡೆಯ ತಂತಿಗೆ. ಎರಡೂ ತಂತಿಗೆ ಅವರವರ ಸಪ್ಲೈಗೆ ಒಂದೊಂದು ಪುಲ್-ಅಪ್. ಯಾರೂ ಎಳೆಯದಿದ್ದಾಗ ಗೇಟ್ ಮತ್ತು ಸೋರ್ಸ್ ಎರಡೂ 3.3ರಲ್ಲಿದ್ದು ಮಾಸ್ಫೆಟ್ ಆಫ್. ಆ ಕಡೆ 5, ಈ ಕಡೆ 3.3, ತಮ್ಮ ಪಾಡಿಗೆ ತಾವು. 3.3ರ ಕಡೆಯವರು ಎಳೆದರೆ ಸೋರ್ಸ್ 0 ಆಗಿ ಮಾಸ್ಫೆಟ್ ಆನ್, 5ರ ಕಡೆಯ ತಂತಿಯೂ ಕೆಳಗಿಳಿಯುತ್ತದೆ. 5ರ ಕಡೆಯವರು ಎಳೆದರೆ ಮಾಸ್ಫೆಟ್‌ನ ಒಳಗಿನ ಡಯೋಡ್ ಮೊದಲು ಸೋರ್ಸನ್ನು ಕೆಳಗೆಳೆದು, ಗೇಟ್-ಸೋರ್ಸ್ ವ್ಯತ್ಯಾಸ ಬೆಳೆದು ಮಾಸ್ಫೆಟ್ ಆನ್ ಆಗುತ್ತದೆ. ಎರಡೂ ದಿಕ್ಕಿಗೆ ಕೆಲಸ ಮಾಡುವ ಇದಕ್ಕೆ ದಿಕ್ಕು ಬದಲಿಸುವ ಪಿನ್ ಬೇಕಿಲ್ಲ.

ಬಿಎಸ್‌ಎಸ್138 ಮಾಸ್ಫೆಟ್ ಇದಕ್ಕೆ ಒಗ್ಗುತ್ತದೆ, ಅದು ಆನ್ ಆಗತೊಡಗುವ ಗೇಟ್-ಸೋರ್ಸ್ ಹೊಸ್ತಿಲು 0.8ರಿಂದ 1.5 ವೋಲ್ಟ್. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಎಲ್ಲೆಡೆ ಸಿಗುವ 2ಎನ್7000ವನ್ನು ಕೆಲವರು ಹಾಕುತ್ತಾರೆ. ಅದರ ಹೊಸ್ತಿಲು 3 ವೋಲ್ಟ್‌ವರೆಗೂ ಇರಬಹುದು, ಗೇಟ್‌ನಲ್ಲಿ ಇರುವುದೇ 3.3. ಒಂದು ತುಂಡು ಓಡಿ ಇನ್ನೊಂದು ಓಡದಿದ್ದರೆ ಕಾರಣ ಅದೇ. ನಾಲ್ಕು ಬಿಎಸ್‌ಎಸ್138, ಎಂಟು 10 ಕಿಲೋ ಓಮ್ ಇರುವ ‘ಲೆವೆಲ್ ಶಿಫ್ಟರ್’ ಎಂಬ ಪುಟ್ಟ ಬೋರ್ಡ್ ಅಂಗಡಿಯಲ್ಲೇ ಸಿಗುತ್ತದೆ. ಎಲ್‌ವಿ ಎಂದಿರುವಲ್ಲಿ 3.3, ಎಚ್‌ವಿ ಎಂದಿರುವಲ್ಲಿ 5, ಗ್ರೌಂಡ್ ಎರಡೂ ಕಡೆಗೂ. ಎಲ್‌ವಿ ತಂತಿ ಮರೆತರೆ ಗೇಟ್‌ಗೆ ವೋಲ್ಟೇಜೇ ಇರುವುದಿಲ್ಲ. ಎಲ್‌ವಿ, ಎಚ್‌ವಿ ಅದಲುಬದಲಾದರೆ ಒಳಡಯೋಡ್ ಉಲ್ಟಾ ಬಿದ್ದು 5ರ ಕಡೆಯಿಂದ 3.3ರ ಕಡೆಗೆ ವೋಲ್ಟೇಜ್ ಸೋರುತ್ತದೆ. ಎಲ್‌ಸಿಡಿಯ ಜೊತೆ ಬಳಸುವಾಗ ಅದರ 472ಗಳನ್ನು ಬಿಚ್ಚಬೇಕಿಲ್ಲ. ಎಚ್‌ವಿ ಕಡೆ 10 ಮತ್ತು 4.7 ಸಮಾಂತರವಾಗಿ 3.2 ಕಿಲೋ ಓಮ್ ಆಗುತ್ತದೆ, 5 ವೋಲ್ಟ್‌ಗೆ 1.6 ಮಿಲಿಆಂಪಿಯರ್. ಎಲ್‌ವಿ ಕಡೆಯ 0.33 ಸೇರಿದರೂ 2 ಮಿಲಿಆಂಪಿಯರ್ ದಾಟುವುದಿಲ್ಲ, ಐ2ಸಿ ಚಿಪ್‌ಗಳು 3ನ್ನು ಎಳೆಯಲೇಬೇಕೆಂಬುದು ನಿಯಮ.

ಆ 3 ಮಿಲಿಆಂಪಿಯರ್ ಲೆಕ್ಕವನ್ನು ನಮ್ಮ ಪಾಠಗಳು ಪೂರ್ತಿ ಮರೆತಿವೆ. ರೆಸಿಸ್ಟರ್ ಎಷ್ಟು ಓಮ್ ಇರಬೇಕೆಂಬುದಕ್ಕೆ ಕೆಳಗಿನ ಗಡಿ ಅಲ್ಲಿಂದಲೇ ಬರುವುದು. ‘ಲೋ’ ಎಂದರೆ 0.4 ವೋಲ್ಟ್ ಒಳಗಿರಬೇಕು, ಸಪ್ಲೈನಿಂದ 0.4 ಕಳೆದು 3 ಮಿಲಿಆಂಪಿಯರ್‌ನಿಂದ ಭಾಗಿಸಿದರೆ 3.3 ವೋಲ್ಟ್‌ಗೆ 967 ಓಮ್, 5 ವೋಲ್ಟ್‌ಗೆ 1533 ಓಮ್. ಇದಕ್ಕಿಂತ ಕಡಿಮೆಯಾದರೆ ಚಿಪ್‌ಗೆ ತಂತಿಯನ್ನು ಪೂರ್ತಿ ಕೆಳಗಿಳಿಸುವ ಶಕ್ತಿ ಸಾಲದೇ ಹೋಗಬಹುದು. ‘ಒಂದೊಂದರಲ್ಲೂ 4.7 ಕಿಲೋ ಇದೆಯಲ್ಲ, 967 ಎಲ್ಲಿ ಬಂತು’ ಎಂದರೆ, ಮಾಡ್ಯೂಲ್‌ಗಳನ್ನು ಒಂದೇ ಬಸ್‌ಗೆ ಸೇರಿಸಿದಾಗ ಅವುಗಳ ಪುಲ್-ಅಪ್‌ಗಳೂ ಸಮಾಂತರವಾಗುತ್ತವೆ. ರಾಸ್ಪ್‌ಬೆರಿ ಪೈನ ಐ2ಸಿ ಪಿನ್‌ಗಳಲ್ಲಿ ಬೋರ್ಡ್ ಮೇಲೆಯೇ 1.8 ಕಿಲೋ ಓಮ್ ಕಾಯಂ ಇದೆ. ಅದಕ್ಕೆ 4.7 ಕಿಲೋ ಓಮ್ ಇರುವ ಒಂದು ಮಾಡ್ಯೂಲ್ ಸೇರಿಸಿದರೆ 1.3 ಕಿಲೋ, ಎರಡಾದರೆ 1.02 ಕಿಲೋ, ಮೂರಾದರೆ 838 ಓಮ್. ಮೂರನೆಯದು ಬಂದಾಗ ಗಡಿ ದಾಟಿಯಾಯಿತು. ಆಗ ಒಂದರಲ್ಲಿ ಬಿಟ್ಟು ಉಳಿದವುಗಳ ಪುಲ್-ಅಪ್ಪನ್ನು ಬೆಸುಗೆ ಕಡ್ಡಿಯಿಂದ ತೆಗೆದುಬಿಡಬೇಕು. ಪೈ ಜೊತೆಗಂತೂ ಮಾಡ್ಯೂಲ್‌ಗಳಲ್ಲಿ ಒಂದೂ ಬೇಕಿಲ್ಲ.

ಮೇಲಿನ ಗಡಿ ಬರುವುದು ತಂತಿಯ ಕೆಪ್ಯಾಸಿಟೆನ್ಸ್‌ನಿಂದ. ಪ್ರತಿ ಚಿಪ್‌ನ ಪಿನ್ 10 ಪಿಕೋಫ್ಯಾರಡ್‌ವರೆಗೆ, ಸಾಮಾನ್ಯ ಕೇಬಲ್ ಮೀಟರ್‌ಗೆ 50ರಿಂದ 100 ಪಿಕೋಫ್ಯಾರಡ್. ಇದನ್ನು ತುಂಬಿ ಮೇಲೇರಿಸುವವರು ಯಾರು? ಆ ಒಂದು ರೆಸಿಸ್ಟರ್ ಮಾತ್ರ. ಕೆಳಗಿಳಿಸುವುದನ್ನು ಟ್ರಾನ್ಸಿಸ್ಟರ್ ಚಟ್ಟನೆ ಮಾಡುತ್ತದೆ, ಏರುವುದು ನಿಧಾನ. 100 ಕಿಲೋಹರ್ಟ್ಸ್‌ನಲ್ಲಿ ಏರಿಕೆ 1000 ನ್ಯಾನೋಸೆಕೆಂಡ್‌ನಲ್ಲಿ ಮುಗಿಯಬೇಕು. ಏರಿಕೆಯ ಕಾಲವನ್ನು ಕೆಪ್ಯಾಸಿಟೆನ್ಸ್‌ನ 0.85 ಪಾಲಿನಿಂದ ಭಾಗಿಸಿದರೆ ಗರಿಷ್ಠ ರೆಸಿಸ್ಟರ್ ಸಿಗುತ್ತದೆ. 100 ಪಿಕೋಫ್ಯಾರಡ್‌ಗೆ ಸುಮಾರು 11.8 ಕಿಲೋ, 200ಕ್ಕೆ 5.9 ಕಿಲೋ, ನಿಯಮದ ಕೊನೆಯ ಮಿತಿಯಾದ 400ಕ್ಕೆ 2.9 ಕಿಲೋ. 400 ಕಿಲೋಹರ್ಟ್ಸ್ ವೇಗಕ್ಕೆ ಹೋದರೆ 300 ನ್ಯಾನೋಸೆಕೆಂಡ್ ಮಾತ್ರ. 100 ಪಿಕೋಫ್ಯಾರಡ್‌ಗೇ 3.5 ಕಿಲೋ ದಾಟುವಂತಿಲ್ಲ. ಚಿಪ್ ಒಳಗಿನ ಪುಲ್-ಅಪ್ ಸಾಕೆಂದು ಬರೆಯುವವರು ಇಲ್ಲಿ ಎಡವುತ್ತಾರೆ. ಇಎಸ್‌ಪಿ32ರ ಒಳಗಿನದು ಸುಮಾರು 45 ಕಿಲೋ ಓಮ್, 100 ಪಿಕೋಫ್ಯಾರಡ್ ಏರಲು 3.8 ಮೈಕ್ರೋಸೆಕೆಂಡ್ ಬೇಕು. ಒಂದು ಗೇಣು ತಂತಿಯಲ್ಲಿ ನಡೆದದ್ದು ಎರಡು ಮೀಟರ್ ಆದ ಕೂಡಲೇ ನಿಂತುಹೋಗುತ್ತದೆ. ವಿಳಾಸ ಹುಡುಕುವ ಸ್ಕ್ಯಾನರ್ ಪ್ರೋಗ್ರಾಮ್ ಒಮ್ಮೆ ಎಲ್‌ಸಿಡಿಯ 0ಎಕ್ಸ್27 ತೋರಿಸಿ ಮರುಕ್ಷಣ ‘ಏನೂ ಸಿಗಲಿಲ್ಲ’ ಎಂದರೆ ಮೊದಲು ರೆಸಿಸ್ಟರ್ ನೋಡಿ, ಆಮೇಲೆ ಕೋಡ್.

ಉನೊ ಬೋರ್ಡ್‌ಗೆ 3.3 ವೋಲ್ಟ್ ಸೆನ್ಸರ್ ಸೇರಿಸುವವರಿಗೆ ಇನ್ನೊಂದು ಗುಟ್ಟು ತಿಳಿದಿರಬೇಕು. ಐ2ಸಿ ನಡೆಸುವ ಉನೊದ ವೈರ್ ಲೈಬ್ರರಿ ಶುರುವಾಗುವಾಗಲೇ ಎರಡೂ ಪಿನ್‌ಗಳ ಒಳ ಪುಲ್-ಅಪ್ಪನ್ನು ಆನ್ ಮಾಡಿಬಿಡುತ್ತದೆ. ಅದು 20ರಿಂದ 50 ಕಿಲೋ ಓಮ್, ಮೇಲ್ತುದಿ 5 ವೋಲ್ಟ್‌ಗೆ. ಸೆನ್ಸರ್ ಮಾಡ್ಯೂಲ್‌ನಲ್ಲಿ 3.3ಕ್ಕೆ 10 ಕಿಲೋ ಓಮ್ ಪುಲ್-ಅಪ್ ಇದ್ದರೆ ಬಸ್ ಸುಮ್ಮನಿದ್ದಾಗ 3.3 ಇರಬೇಕಾದದ್ದು 3.9ರವರೆಗೆ ಏರಬಹುದು. ಉಪಾಯ ಸರಳ: ಲೈಬ್ರರಿ ಶುರುಮಾಡುವ ಸಾಲಿನ ಕೆಳಗೆ ಉನೊದ ಐ2ಸಿ ಪಿನ್‌ಗಳಾದ ಎ4, ಎ5ಕ್ಕೆ ಡಿಜಿಟಲ್‌ರೈಟ್ ಲೋ ಎಂದು ಬರೆದರೆ ಒಳ ಪುಲ್-ಅಪ್ ಆಫ್ ಆಗುತ್ತದೆ, ಬಸ್ ಕೆಡುವುದಿಲ್ಲ.

ಪುಲ್-ಅಪ್ ಎಲ್ಲದಕ್ಕೂ ಮದ್ದಲ್ಲ ಎಂಬುದನ್ನೂ ಅಷ್ಟೇ ಒತ್ತಿ ಹೇಳಬೇಕು. ದೂರ ಅಳೆಯುವ ಎಚ್‌ಸಿ-ಎಸ್‌ಆರ್04ರ ಎಕೋ ಪಿನ್ ತಾನೇ 5 ವೋಲ್ಟ್ ಹೊರಗೆ ತಳ್ಳುತ್ತದೆ. ಮೇಲಕ್ಕೂ ಕೆಳಕ್ಕೂ ತಾನೇ ಒಯ್ಯುವ ಅಂಥ ಪುಶ್-ಪುಲ್ ಔಟ್‌ಪುಟ್‌ಗೆ 3.3ಕ್ಕೆ ಪುಲ್-ಅಪ್ ಹಾಕಿದರೆ ಏನೂ ಪ್ರಯೋಜನವಿಲ್ಲ, 5 ವೋಲ್ಟ್ ಬಂದೇ ಬರುತ್ತದೆ. ಅಲ್ಲಿ ಬೇಕಾದದ್ದು ವೋಲ್ಟೇಜ್ ಡಿವೈಡರ್: ಎಕೋದಿಂದ ಬೋರ್ಡ್ ಪಿನ್‌ಗೆ 2.2 ಕಿಲೋ ಓಮ್, ಆ ಪಿನ್‌ನಿಂದ ಗ್ರೌಂಡ್‌ಗೆ 3.3 ಕಿಲೋ ಓಮ್. ಪಿನ್ ಮೇಲೆ ಸರಿಯಾಗಿ 3 ವೋಲ್ಟ್ ಸಿಗುತ್ತದೆ. ಇಎಸ್‌ಪಿ32ಕ್ಕೆ ‘ಹೈ’ ಎನ್ನಲು ಸಾಕಾಗುವುದು ಸುಮಾರು 2.5. ಪಾಠಗಳಲ್ಲಿ ಬರುವ 1 ಮತ್ತು 2.2 ಕಿಲೋ ಜೋಡಿಗಿಂತ ಇದು ನಮಗೆ ಮೇಲೆನಿಸುತ್ತದೆ, ಏಕೆಂದರೆ ಅಡಾಪ್ಟರ್ 5.25 ವೋಲ್ಟ್ ಕೊಟ್ಟರೆ ಆ ಜೋಡಿಯಲ್ಲಿ 3.6 ಮುಟ್ಟುತ್ತದೆ.

ಇದರ ಉಲ್ಟಾ ತಪ್ಪು ಕಲ್ಪನೆಯೂ ಹರಡಿದೆ: 3.3 ವೋಲ್ಟ್ ಔಟ್‌ಪುಟ್‌ಗೆ 5 ವೋಲ್ಟ್‌ಗೆ ಒಂದು ಪುಲ್-ಅಪ್ ಹಾಕಿದರೆ ಸಿಗ್ನಲ್ 5 ಆಗುತ್ತದೆ ಎಂದು. ಔಟ್‌ಪುಟ್ ಪಿನ್ ತಂತಿಯನ್ನು 3.3ರಲ್ಲಿ ಗಟ್ಟಿಯಾಗಿ ಹಿಡಿದಿರುತ್ತದೆ, ರೆಸಿಸ್ಟರ್ ಮೂಲಕ ಬೋರ್ಡ್‌ನ ಸಪ್ಲೈಗೆ ಕರೆಂಟ್ ಹೋಗುವುದಷ್ಟೇ ಲಾಭ. ಪಿನ್ನನ್ನು ಓಪನ್ ಡ್ರೇನ್ ಮಾಡಿದರೆ ತಂತಿ ಏರುತ್ತದೆ, ಆದರೆ ಆಗ 5 ವೋಲ್ಟ್ ತಡೆಯುವ ಪಿನ್ ಬೇಕು. ಎಸ್‌ಟಿಎಂ32 ಎಂಬ ಚಿಪ್‌ಗಳ ಹಲವು ಪಿನ್‌ಗಳಿಗೆ ಆ ಶಕ್ತಿ ಇದೆ, ಡೇಟಾಶೀಟ್‌ನ ಪಟ್ಟಿಯಲ್ಲಿ ‘ಎಫ್‌ಟಿ’ ಎಂಬ ಗುರುತು ಹಾಕಿರುತ್ತಾರೆ. ಇಎಸ್‌ಪಿ32, ಪೈ ಬೋರ್ಡ್‌ಗಳಿಗೆ ಅಂಥ ಭರವಸೆ ಇಲ್ಲ. ಬಣ್ಣದ ಡಬ್ಲ್ಯುಎಸ್2812ಬಿ ಎಲ್‌ಇಡಿ ಪಟ್ಟಿಗೆ 5 ವೋಲ್ಟ್‌ನಲ್ಲಿ 3.5 ದಾಟಿದ ಸಿಗ್ನಲ್ ಬೇಕು, ವೇಗ 800 ಕಿಲೋಹರ್ಟ್ಸ್. ಅದರ ಸಣ್ಣ ಪಲ್ಸ್ 0.4 ಮೈಕ್ರೋಸೆಕೆಂಡ್. 10 ಕಿಲೋ ಓಮ್ ಪುಲ್-ಅಪ್ಪಿನಲ್ಲಿ 50 ಪಿಕೋಫ್ಯಾರಡ್ ತಂತಿ ಏರಲು 1 ಮೈಕ್ರೋಸೆಕೆಂಡ್‌ಗೂ ಹೆಚ್ಚು ಬೇಕಾದ್ದರಿಂದ ಪಲ್ಸ್ ಏಳುವ ಮೊದಲೇ ಮುಗಿದಿರುತ್ತದೆ. ಅಲ್ಲಿ 74ಎಎಚ್‌ಸಿಟಿ125 ಬಫರ್ ಹಾಕಿ: 5 ವೋಲ್ಟ್‌ನಲ್ಲಿ ಓಡುತ್ತಾ 2 ವೋಲ್ಟನ್ನೇ ‘ಹೈ’ ಎಂದು ಒಪ್ಪಿಕೊಳ್ಳುತ್ತದೆ. ಎಸ್‌ಡಿ ಕಾರ್ಡ್‌ನಂಥ, ಎಸ್‌ಪಿಐ ಎಂಬ ವೇಗದ ಸಂಪರ್ಕ ಬಳಸುವ ಭಾಗಗಳಿಗೂ ಪುಲ್-ಅಪ್ ಮೇಲಿನ ಲೆವೆಲ್ ಶಿಫ್ಟರ್ ನೆಚ್ಚಬೇಡಿ.

ಮಣ್ಣಿನ ತೇವ, ಮಳೆ, ಬೆಂಕಿ ಗುರುತಿಸುವ ಅಗ್ಗದ ಮಾಡ್ಯೂಲ್‌ಗಳಲ್ಲಿ ಎಲ್‌ಎಂ393 ಚಿಪ್ ಇರುತ್ತದೆ, ಔಟ್‌ಪುಟ್ ಓಪನ್ ಕಲೆಕ್ಟರ್, ಬೋರ್ಡ್ ಮೇಲೆಯೇ ಸಪ್ಲೈಗೆ ಪುಲ್-ಅಪ್. ಈ ಚಿಪ್ 2 ವೋಲ್ಟ್‌ನಿಂದಲೇ ಓಡುತ್ತದೆ. ಮಾಡ್ಯೂಲ್‌ಗೇ 3.3 ಕೊಡಿ, ಪುಲ್-ಅಪ್ ತಾನಾಗಿ 3.3ಕ್ಕೆ ಇಳಿಯುತ್ತದೆ, ಅನಲಾಗ್ ಔಟ್‌ಪುಟ್ ಕೂಡ ಮಿತಿಯೊಳಗೆ ಬರುತ್ತದೆ. ಗಡಿಯಾರದ ಡಿಎಸ್3231 ಮಾಡ್ಯೂಲ್‌ಗೂ ಇದೇ ಮದ್ದು, ಆ ಚಿಪ್‌ಗೆ 2.3 ವೋಲ್ಟ್ ಸಾಕು. ಹಳೆಯ ಡಿಎಸ್1307ಕ್ಕೆ ಮಾತ್ರ 4.5ಕ್ಕಿಂತ ಕಡಿಮೆ ಆಗದು. ಹೊಸದಾಗಿ ಕೊಳ್ಳುವವರು ಅದನ್ನು ಕೊಳ್ಳದಿರುವುದೇ ಲೇಸು.

ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳು ಪೀಸ್ ಎಣಿಸುವ ಕೌಂಟರ್ ಮಾಡಿಕೊಡುವುದುಂಟು. ಅಲ್ಲಿ 24 ವೋಲ್ಟ್ ಇರುವುದರಿಂದ ಎಚ್ಚರ ಇಮ್ಮಡಿ ಬೇಕು. ಲೋಹ ಹತ್ತಿರ ಬಂದದ್ದನ್ನು ಗುರುತಿಸುವ ಮೂರು ತಂತಿಯ ಪ್ರಾಕ್ಸಿಮಿಟಿ ಸೆನ್ಸರ್‌ನಲ್ಲಿ ಕಂದು ಪ್ಲಸ್, ನೀಲಿ ಮೈನಸ್, ಕಪ್ಪು ಔಟ್‌ಪುಟ್. ಪಿಎನ್‌ಪಿ ಮಾದರಿಯಾದರೆ ಕಪ್ಪು ತಂತಿಯಲ್ಲಿ 24 ವೋಲ್ಟೇ ಬರುತ್ತದೆ, ಬೋರ್ಡ್ ಹತ್ತಿರ ಸುಳಿಯಬಾರದು. ಎನ್‌ಪಿಎನ್ ಓಪನ್ ಕಲೆಕ್ಟರ್ ಆಗಿದ್ದರೆ 3.3ಕ್ಕೆ ಪುಲ್-ಅಪ್ ಸಾಕು. ಆದರೆ ಕೆಲವು ಎನ್‌ಪಿಎನ್ ಸೆನ್ಸರ್‌ಗಳ ಒಳಗೇ ಪ್ಲಸ್‌ಗೆ ಒಂದು ರೆಸಿಸ್ಟರ್ ಅವಿತಿರುತ್ತದೆ. ಪರೀಕ್ಷೆ ಹೀಗೆ: ಬೋರ್ಡ್ ಜೋಡಿಸದೆ ಸೆನ್ಸರ್‌ಗೆ ಮಾತ್ರ 24 ವೋಲ್ಟ್ ಕೊಡಿ, ಕಪ್ಪು ಮತ್ತು ನೀಲಿ ನಡುವೆ 10 ಕಿಲೋ ಓಮ್ ಹಾಕಿ, ಲೋಹವನ್ನು ಹತ್ತಿರ ತಂದು ದೂರ ಸರಿಸಿ, ರೆಸಿಸ್ಟರ್ ಮೇಲೆ ವೋಲ್ಟ್ ನೋಡಿ. ಎರಡೂ ಸ್ಥಿತಿಯಲ್ಲಿ 0 ಇದ್ದರೆ ನಿಜವಾದ ಓಪನ್ ಕಲೆಕ್ಟರ್. ಒಂದು ಸ್ಥಿತಿಯಲ್ಲಿ 12 ವೋಲ್ಟ್ ಆಸುಪಾಸು ಬಂದರೆ ಒಳಗೆ 10 ಕಿಲೋ ಇದೆ. ಯಾವ ಮಾದರಿಯೇ ಆಗಲಿ, ಯಂತ್ರದ ಪಕ್ಕದಲ್ಲಿ ನಮ್ಮ ಆಯ್ಕೆ ಪಿಸಿ817 ಆಪ್ಟೊಕಪ್ಲರ್, ಅಂದರೆ ಒಳಗಿನ ಎಲ್‌ಇಡಿಯ ಬೆಳಕಿನಿಂದ ಟ್ರಾನ್ಸಿಸ್ಟರ್ ಆನ್ ಮಾಡಿ ಎರಡು ಕಡೆಗಳನ್ನು ಬೇರೆಯಾಗಿಡುವ ಚಿಪ್. ಅದರ ಎಲ್‌ಇಡಿಗೆ 24 ವೋಲ್ಟ್‌ನಿಂದ 4.7 ಕಿಲೋ ಓಮ್ ಸರಣಿಯಲ್ಲಿ ಹಾಕಿದರೆ 4.9 ಮಿಲಿಆಂಪಿಯರ್, ಬಿಸಿ 0.11 ವ್ಯಾಟ್. 2.2 ಕಿಲೋ ಹಾಕಿದರೆ 0.24 ವ್ಯಾಟ್ ಆಗಿ ಕಾಲು ವ್ಯಾಟ್‌ನ ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ. ಔಟ್‌ಪುಟ್ ಕಡೆ 3.3ಕ್ಕೆ 4.7 ಅಥವಾ 10 ಕಿಲೋ ಓಮ್. ‘ಗಟ್ಟಿಯಾಗಿರಲಿ’ ಎಂದು 1 ಕಿಲೋ ಹಾಕಬಾರದು: ಈ ಕಪ್ಲರ್ ಎಲ್‌ಇಡಿ ಕರೆಂಟ್‌ನ ಅರ್ಧದಷ್ಟು ಎಳೆಯುವುದನ್ನು ಮಾತ್ರ ಖಾತರಿ ಕೊಡುತ್ತದೆ, 1 ಕಿಲೋಗೆ 3.3 ಮಿಲಿಆಂಪಿಯರ್ ಬೇಕು. ತಂತಿ ಪೂರ್ತಿ 0ಗೆ ಇಳಿಯದೆ ನಡುವೆ ನಿಂತು ಎಣಿಕೆ ತಪ್ಪುತ್ತದೆ.

ಸಂಪಾದಕರಲ್ಲಿ, ಪಾಠ ತಯಾರಿಸುವವರಲ್ಲಿ ನಮ್ಮ ಕೋರಿಕೆ ಇಷ್ಟು. ವಿದ್ಯಾರ್ಥಿಗಳಿಗಾಗಿ ಸರ್ಕ್ಯೂಟ್ ಚಿತ್ರ ಅಚ್ಚು ಮಾಡುವಾಗ ಪ್ರತಿ ಭಾಗದ ಪಕ್ಕದಲ್ಲಿ ಅದರ ಸಪ್ಲೈ ವೋಲ್ಟೇಜ್ ಬರೆಯಿರಿ. ಬೋರ್ಡ್‌ಗಳ ನಡುವೆ ಹೋಗುವ ಪ್ರತಿ ಸಿಗ್ನಲ್ ತಂತಿಯ ಮೇಲೆ ಪುಲ್-ಅಪ್ ಎಷ್ಟು ಓಮ್, ಮೇಲ್ತುದಿ ಯಾವ ಸಪ್ಲೈಗೆ ಎಂದು ಬರೆಯಿರಿ. ಮಾಡ್ಯೂಲ್ ಒಳಗೇ ಇದ್ದರೆ ‘ಒಳಗಿದೆ, 472’ ಎಂದಾದರೂ ಬರೆಯಿರಿ. ಬಣ್ಣಬಣ್ಣದ ಜಂಪರ್ ವೈರ್‌ಗಳ ಫೋಟೊ ಮಾತ್ರ ಹಾಕಿದರೆ ಇದ್ಯಾವುದೂ ಕಾಣುವುದಿಲ್ಲ.

ಶಿಕ್ಷಕರಿಗೆ ಒಂದು ಅಳತೆಯ ಕ್ರಮ ತಿಳಿಸುತ್ತೇವೆ. ಸಪ್ಲೈ ಆರಿಸಿ, ಮಾಡ್ಯೂಲನ್ನು ಬೋರ್ಡ್‌ನಿಂದ ಬೇರೆ ಮಾಡಿ, ಮಲ್ಟಿಮೀಟರನ್ನು ಓಮ್ ಅಳತೆಗಿಟ್ಟು ಎಸ್‌ಡಿಎ ಮತ್ತು ಮಾಡ್ಯೂಲ್‌ನ ಸಪ್ಲೈ ಪಿನ್ ನಡುವೆ ನೋಡಿ. 4.7 ಅಥವಾ 10 ಕಿಲೋ ಓಮ್ ತೋರಿಸಿದರೆ ಪುಲ್-ಅಪ್ ಒಳಗೇ ಇದೆ. ಏನೂ ತೋರಿಸದಿದ್ದರೆ ನೀವೇ ಹಾಕಬೇಕು. ಆಮೇಲೆ ಮಾಡ್ಯೂಲ್‌ಗೆ ಮಾತ್ರ ಸಪ್ಲೈ ಕೊಟ್ಟು, ಎಸ್‌ಡಿಎ ತಂತಿಗೂ ಗ್ರೌಂಡ್‌ಗೂ ನಡುವೆ ವೋಲ್ಟ್ ಅಳೆಯಿರಿ. 3.3 ಬಂದರೆ ಬೋರ್ಡ್‌ಗೆ ಜೋಡಿಸಿ. 5 ಬಂದರೆ ಲೆವೆಲ್ ಶಿಫ್ಟರ್ ತನ್ನಿ. ಎಸ್‌ಸಿಎಲ್‌ಗೂ ಇದನ್ನೇ ಮಾಡಿ. ಲ್ಯಾಬ್‌ಗೆ ಸಾಮಾನು ತರಿಸುವಾಗ ಪಟ್ಟಿಯಲ್ಲಿ 2.2, 3.3, 4.7, 10 ಕಿಲೋ ಓಮ್ ಕಾಲು ವ್ಯಾಟ್ ರೆಸಿಸ್ಟರ್‌ಗಳು ನೂರರ ಕಟ್ಟಿನಲ್ಲಿ, ಬಿಎಸ್‌ಎಸ್138ರ ನಾಲ್ಕು ಚಾನೆಲ್ ಬೋರ್ಡ್ ಐದಾರು, ಪಿಸಿ817 ಹತ್ತು, ಎರಡು ಮೂರು 74ಎಎಚ್‌ಸಿಟಿ125 ಸೇರಿರಲಿ. ಟಿಎಕ್ಸ್‌ಬಿ0108 ಎಂಬ ಶಿಫ್ಟರ್ ಬೋರ್ಡ್ ಕೂಡ ಅಂಗಡಿಯವರು ತೋರಿಸುತ್ತಾರೆ. ಅದು ಪುಶ್-ಪುಲ್ ಸಿಗ್ನಲ್‌ಗೆ ಮಾಡಿದ್ದು, 50 ಕಿಲೋ ಓಮ್‌ಗಿಂತ ಕಡಿಮೆಯ ಪುಲ್-ಅಪ್ ಇದ್ದರೆ ತಡೆದುಕೊಳ್ಳುವುದಿಲ್ಲ. ಐ2ಸಿಗೆ, ಡಿಎಸ್18ಬಿ20ಗೆ ಅದನ್ನು ತರಬೇಡಿ.

ಇತಿ,
ಎಲೆಕ್ಟ್ರಾನಿಕ್ಸ್ ಪಾಠ ಮತ್ತು ರಿಪೇರಿ ಕೆಲಸದಲ್ಲಿರುವ ಕೆಲವರು, ಮೈಸೂರು